ಕಲಾಯಿಗಾರನಿಲ್ಲದ ಪಾತ್ರೆ
ಕಲ್ಯಾಣದ ಬಚ್ಚಲಿನಿಂದ ನೊರೆಯ ಬಾಟಲಿಯವರೆಗೆ

ಬಸವಕಲ್ಯಾಣ, ಹುಮನಾಬಾದ್‌ಗಳ ಮನೆಗಳಲ್ಲಿ ಕೈ ತೊಳೆಯುವ ಬೇಸಿನ್ನಿನ ಪಕ್ಕ ಈಗ ಒಂದು ಪುಟ್ಟ ಬಾಟಲಿ ನಿಂತಿರುತ್ತದೆ. ತಲೆಯನ್ನು ಒತ್ತಿದರೆ ಅಂಗೈ ಮೇಲೆ ಹಾಲಿನ ಕೆನೆಯಂಥ ನೊರೆ ಬೀಳುತ್ತದೆ. ಸೋಪನ್ನು ಉಜ್ಜಿ ನೊರೆ ಬರಿಸುವ ಕೆಲಸವಿಲ್ಲ. ಖಾಲಿಯಾದಾಗ ಬಾಟಲಿಯನ್ನು ಎಸೆಯಬೇಕಾಗಿಲ್ಲ, ಪೌಚಿನಿಂದ ಸೋಪಿನ ದ್ರವ ತುಂಬಿಸಿ ಮತ್ತೆ ಬಳಸಬಹುದು. ಮದುವೆ ಹಾಲುಗಳಲ್ಲಿ, ದವಾಖಾನೆಗಳಲ್ಲಿ, ಹೋಟೆಲುಗಳಲ್ಲಿ ಇದರ ದೊಡ್ಡಣ್ಣನಂತಿರುವ ಡಬ್ಬಿಗಳು ಗೋಡೆಗೆ ಅಂಟಿಕೊಂಡಿವೆ.

ಇಷ್ಟು ಸಣ್ಣ ವಸ್ತುವಿಗೂ ಒಂದು ಇತಿಹಾಸವಿದೆಯೇ ಎಂದು ಓದುಗರು ಕೇಳಬಹುದು. ಇದೆ. ರಾಜರು ಗೆದ್ದ ಕೋಟೆಗಳ ಪಟ್ಟಿಯನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅದೇ ಕೋಟೆಯೊಳಗಿನ ಜನ ಮೈಕೈ ಹೇಗೆ ತೊಳೆಯುತ್ತಿದ್ದರು, ಯಾವ ಪಾತ್ರೆಯಿಂದ ನೀರು ಸುರಿದುಕೊಳ್ಳುತ್ತಿದ್ದರು, ಆ ಪಾತ್ರೆಯನ್ನು ಯಾರು ತೊಳೆಯುತ್ತಿದ್ದರು ಎಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕಲ್ಯಾಣಕ್ಕಿಂತ ಒಳ್ಳೆಯ ಊರು ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ. ಏಕೆಂದರೆ ಸ್ನಾನದ ಬಗ್ಗೆ ಒಬ್ಬ ದೊರೆ ಗ್ರಂಥದಲ್ಲಿ ಬರೆದದ್ದೂ ಇಲ್ಲೇ, ಬಟ್ಟೆ ತೊಳೆಯುವವನೊಬ್ಬ ಶರಣರ ನಡುವೆ ತಲೆಯೆತ್ತಿ ಕುಳಿತದ್ದೂ ಇಲ್ಲೇ.

ದೊರೆಯ ಸ್ನಾನ, ಮಡಿವಾಳನ ಕಾಯಕ

ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ ಆರನೆಯ ವಿಕ್ರಮಾದಿತ್ಯನ ಮಗ. 1126ರಿಂದ 1138ರವರೆಗೆ ಆಳಿದವನು. ಅವನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ 1129ರ ಸುಮಾರಿಗೆ ರಚನೆಯಾಯಿತು. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ರಾಜ್ಯಭಾರ, ಆನೆ, ಅಡುಗೆ, ಸಂಗೀತ, ಆಟೋಟ ಎಲ್ಲವೂ ಇವೆ. ಅರಸನ ಇಪ್ಪತ್ತು ಉಪಭೋಗಗಳನ್ನು ಹೇಳುವ ಭಾಗದಲ್ಲಿ ‘ಸ್ನಾನಭೋಗ’ಕ್ಕೆ ಒಂದು ಅಧ್ಯಾಯವೇ ಮೀಸಲು. ಪರಿಮಳ ಬೆರೆಸಿದ ಎಣ್ಣೆಯ ಅಭ್ಯಂಜನ, ಆಮೇಲೆ ಎಣ್ಣೆಯ ಜಿಡ್ಡು ತೆಗೆಯುವ ಸುಗಂಧದ ಪುಡಿ ಮತ್ತು ಲೇಪ, ನಂತರ ನೀರು — ಹೀಗೆ ಸಾಗುತ್ತದೆ ಆ ಸ್ನಾನ. ಈಗಿನ ಅರ್ಥದ ಸೋಪು ಅಲ್ಲಿಲ್ಲ. ಆದರೆ ಜಿಡ್ಡು ಬರಿ ನೀರಿಗೆ ಹೋಗುವುದಿಲ್ಲ, ಅದನ್ನು ಹಿಡಿದೆಳೆದು ನೀರಿಗೆ ಒಪ್ಪಿಸುವ ಮೂರನೆಯ ವಸ್ತು ಬೇಕು ಎಂಬ ತಿಳಿವಳಿಕೆ ಅಲ್ಲಿದೆ. ಸೋಪಿನ ವಿಜ್ಞಾನದ ತಿರುಳು ಇದೇ.

ಅರಮನೆಯ ಸ್ನಾನದ ಕಥೆ ಅದಾದರೆ, ಅದೇ ಶತಮಾನದಲ್ಲಿ ಅದೇ ಊರು ತೊಳೆಯುವ ಕೆಲಸವನ್ನು ಇನ್ನೊಂದು ಕಣ್ಣಿನಿಂದಲೂ ನೋಡಿತು. ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದ ಮಡಿವಾಳ ಮಾಚಿದೇವರು ಶರಣರ ಬಟ್ಟೆ ಮಡಿ ಮಾಡುವ ಕಾಯಕದವರು. ಇತರರ ಕೊಳೆ ತೊಳೆಯುವವನು ಕೀಳು ಎಂಬ ಲೆಕ್ಕಾಚಾರವನ್ನು ಶರಣರು ತಿರುಗಿಸಿ ಹಾಕಿದರು. ತೊಳೆಯುವ ಕೈಗೆ ಮರ್ಯಾದೆ ಸಿಕ್ಕಿತು. ಒಂದೇ ಊರಿನ ಈ ಎರಡು ನೆನಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಶುಚಿತ್ವದ ಇತಿಹಾಸಕ್ಕೆ ಎರಡು ಮುಖಗಳಿರುವುದು ಕಾಣುತ್ತದೆ. ಯಾವ ವಸ್ತುವಿನಿಂದ ತೊಳೆದರು ಎಂಬುದು ಒಂದು ಮುಖ. ಯಾರು ತೊಳೆದರು, ಯಾರು ಹೊಣೆ ಹೊತ್ತರು ಎಂಬುದು ಇನ್ನೊಂದು.

ಸಾಮಾನ್ಯ ಜನರ ಸಾಮಗ್ರಿ ಬಲು ಸರಳವಾಗಿತ್ತು. ಬಟ್ಟೆಗೆ ಸವಳು ಮಣ್ಣು, ಪಾತ್ರೆಗೆ ಬೂದಿ ಮತ್ತು ಹುಣಸೆಹಣ್ಣು, ಮೈಗೆ ಕಡಲೆ ಹಿಟ್ಟು, ತಲೆಗೆ ಸೀಗೇಕಾಯಿ. ಇವೆಲ್ಲದರ ನಡುವೆ ನಮ್ಮ ವಿಷಯಕ್ಕೆ ಹತ್ತಿರದ್ದು ಅಂಟುವಾಳಕಾಯಿ. ಉರ್ದುವಿನಲ್ಲಿ ಇದು ರೀಠಾ. ಕನ್ನಡದಲ್ಲಿ ಇದಕ್ಕಿರುವ ಇನ್ನೊಂದು ಹೆಸರು ನೊರೆಕಾಯಿ. ಇದರ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ಅಂಶ ನೀರಿನಲ್ಲಿ ಕಲಕಿದರೆ ನೊರೆ ಕೊಡುತ್ತದೆ. ಅಕ್ಕಸಾಲಿಗರು ಒಡವೆ ತೊಳೆಯಲು, ಮನೆಯವರು ರೇಷ್ಮೆ ಸೀರೆ ತೊಳೆಯಲು ಇದನ್ನೇ ಬಳಸುತ್ತ ಬಂದಿದ್ದಾರೆ. ಕಾಯಿಗಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿಸುಕಿ ಸೋಸಿದರೆ ದ್ರವರೂಪದ ‘ಸೋಪು’ ಸಿದ್ಧ. ಅದನ್ನು ಒಂದೆರಡು ದಿನಕ್ಕಿಂತ ಹೆಚ್ಚು ಇಡುವುದಿಲ್ಲ, ಹುಳಿ ವಾಸನೆ ಬಂದುಬಿಡುತ್ತದೆ. ಬೇಕಾದಷ್ಟೇ ಮಾಡು, ಮುಗಿಸು, ಪಾತ್ರೆ ತೊಳೆ, ಮತ್ತೆ ಮಾಡು. ಇದು ಆ ಕಾಲದ ಶಿಸ್ತು. ಈ ಶಿಸ್ತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಇದರ ಅಗತ್ಯ ಬೀಳುತ್ತದೆ.

ಮೂತಿಯುಳ್ಳ ಪಾತ್ರೆಗಳು

ಬಹಮನಿಗಳು 15ನೆಯ ಶತಮಾನದಲ್ಲಿ ಬೀದರನ್ನು ರಾಜಧಾನಿ ಮಾಡಿಕೊಂಡ ಮೇಲೆ ಈ ಭಾಗದ ನೀರಿನ ಸಂಸ್ಕೃತಿಗೆ ಹೊಸ ರೂಪ ಬಂತು. ಬೀದರಿನ ನೌಬಾದ್‌ನಲ್ಲಿ ಭೂಮಿಯೊಳಗೆ ಸುರಂಗ ಕೊರೆದು ನೀರನ್ನು ಇಳಿಜಾರಿನಲ್ಲಿ ಹರಿಸುವ ಕರೇಜ್ ಇದೆ. ಇರಾನಿನ ತಂತ್ರವನ್ನು ದಖ್ಖನ್ನಿನ ಜಂಬಿಟ್ಟಿಗೆ ಕಲ್ಲಿಗೆ ಒಗ್ಗಿಸಿದ ಕೆಲಸ ಅದು. ಬೀದರ ಕೋಟೆಯೊಳಗೆ ಶಾಹಿ ಹಮಾಮ್ ಇತ್ತು. ಆ ಸ್ನಾನಗೃಹದ ಕಟ್ಟಡದಲ್ಲಿ ಮುಂದೆ ವಸ್ತುಸಂಗ್ರಹಾಲಯ ನೆಲೆಗೊಂಡಿತು.

ಬಿದ್ರಿ ಕಲೆ ಎಂದರೆ ನಮಗೆ ಹೂದಾನಿ, ಹುಕ್ಕಾದ ಬುಡ ನೆನಪಾಗುತ್ತವೆ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೆ ಬಿದ್ರಿ ಕುಶಲಕರ್ಮಿಗಳು ಮಾಡುತ್ತಿದ್ದ ವಸ್ತುಗಳಲ್ಲಿ ಆಫ್ತಾಬಾ ಮತ್ತು ಚಿಲಮ್ಚಿಗಳೂ ಸೇರಿದ್ದವು ಎಂಬುದು ಎಷ್ಟು ಜನರಿಗೆ ಗೊತ್ತು? ಆಫ್ತಾಬಾ ಎಂದರೆ ಉದ್ದ ಮೂತಿಯ ನೀರಿನ ಹೂಜಿ. ಚಿಲಮ್ಚಿ ಎಂದರೆ ಕೈ ತೊಳೆದ ನೀರು ಬೀಳುವ ಅಗಲ ಬಾಯಿಯ ತಟ್ಟೆ. ಮೇಲೆ ತೂತುಗಳ ಮುಚ್ಚಳವಿದ್ದು ಕೊಳೆನೀರು ಕಣ್ಣಿಗೆ ಬೀಳದಂತೆ ಕೆಳಗಿಳಿಯುತ್ತದೆ. ದಾವತ್‌ಗಳಲ್ಲಿ ದಸ್ತರ್‌ಖಾನ್ ಹಾಸುವ ಮುನ್ನ ಹುಡುಗರು ಇವನ್ನು ಹಿಡಿದು ಸಾಲಿನುದ್ದಕ್ಕೂ ಬರುತ್ತಿದ್ದರು. ಒಬ್ಬ ಚಿಲಮ್ಚಿ ಹಿಡಿದರೆ ಇನ್ನೊಬ್ಬ ನೀರು ಸುರಿಯುತ್ತಿದ್ದ, ಮತ್ತೊಬ್ಬ ಟವೆಲ್ ನೀಡುತ್ತಿದ್ದ. ಅತಿಥಿಯ ಕೈಗೆ ನೀರು ಹಾಕುವುದು ಮನೆಯ ಹುಡುಗರಿಗೆ ಗೌರವದ ಕೆಲಸ.

ಬಡವರ ಮನೆಯಲ್ಲಿ, ಮಸೀದಿಯಲ್ಲಿ ಇದರ ಬದಲು ಬದ್ನಾ ಇರುತ್ತಿತ್ತು. ಮಣ್ಣಿನದೋ ತಾಮ್ರದ್ದೋ ಆದ ಮೂತಿಯುಳ್ಳ ಲೋಟಾ. ಕನ್ನಡಿಗರ ಗಿಂಡಿಯೂ ಅದೇ ಕುಲದ್ದು. ಈ ಮೂತಿಯನ್ನು ಸ್ವಲ್ಪ ಗಮನಿಸಬೇಕು. ತಂಬಿಗೆಯನ್ನು ಹಂಡೆಯಲ್ಲಿ ಅದ್ದಿದರೆ ಕೈಯೂ ನೀರಿಗೆ ತಾಗುತ್ತದೆ, ಒಬ್ಬನ ಕೈಯ ಕೊಳೆ ಎಲ್ಲರ ನೀರಿಗೂ ಸೇರುತ್ತದೆ. ಮೂತಿಯ ಪಾತ್ರೆಯಲ್ಲಿ ಸಂಗ್ರಹದ ನೀರು ಒಳಗೇ ಉಳಿಯುತ್ತದೆ, ಬೇಕಾದಷ್ಟು ಮಾತ್ರ ಹೊರಗೆ ಬರುತ್ತದೆ. ನಿದ್ದೆಯಿಂದ ಎದ್ದವನು ಕೈ ತೊಳೆಯದೆ ನೀರಿನ ಪಾತ್ರೆಯಲ್ಲಿ ಕೈ ಅದ್ದಬಾರದು ಎಂಬ ಪ್ರವಾದಿವರ್ಯರ (ಸ) ಸೂಚನೆಯನ್ನು ಮದ್ರಸಾದಲ್ಲಿ ಓದಿದ ಪ್ರತಿ ಮಗುವೂ ಬಲ್ಲದು. ಅವರು ಒಂದು ಮುದ್ದ್, ಅಂದರೆ ಸುಮಾರು ಮುಕ್ಕಾಲು ಲೀಟರಿನಷ್ಟು ನೀರಿನಲ್ಲಿ ವುಜೂ ಮುಗಿಸುತ್ತಿದ್ದರು ಎಂಬುದೂ ಹದೀಸ್‌ಗಳಲ್ಲಿ ದಾಖಲಾಗಿದೆ. ಮಳೆ ಕೈಕೊಡುವ ಬೀದರ ಜಿಲ್ಲೆಯಲ್ಲಿ ಈ ಮಿತವ್ಯಯ ಧರ್ಮದ ಪಾಠವೂ ಹೌದು, ಬದುಕಿನ ಅನಿವಾರ್ಯವೂ ಹೌದು.

ಸಂಗ್ರಹವನ್ನು ಮುಟ್ಟದೆ, ಬೇಕಾದಷ್ಟನ್ನೇ ಹೊರಗೆ ತೆಗೆಯುವುದು ಬದ್ನಾದ ತತ್ವ. ಇಂದಿನ ನೊರೆಯ ಬಾಟಲಿಯ ತತ್ವವೂ ಇದೇ ಅಲ್ಲವೇ? ಅರ್ಥಾತ್ ಇದು ಪೂರಾ ಪರದೇಶಿಯಲ್ಲ. ದೂರದ ನೆಂಟ ಎನ್ನಬಹುದು.

ಸಾಬೂನಿನ ಪಯಣ

ಸಾಬೂನು ಎಂಬ ಮಾತು ಅರಬಿಯ ‘ಸಾಬೂನ್’ನಿಂದ ಬಂದದ್ದು, ಅದರ ಹಿಂದೆ ಲ್ಯಾಟಿನ್ನಿನ ‘ಸಾಪೊ’ ಇದೆ. ಕೊಬ್ಬು ಅಥವಾ ಎಣ್ಣೆಯನ್ನು ಕ್ಷಾರದೊಡನೆ ಕುದಿಸಿದರೆ ಸಾಬೂನು. ಕ್ಷಾರಕ್ಕೆ ವಿಜ್ಞಾನದ ಪುಸ್ತಕಗಳಲ್ಲಿರುವ ‘ಅಲ್ಕಲಿ’ ಎಂಬ ಹೆಸರೂ ಅರಬಿಯದೇ. ಗಿಡಗಳನ್ನು ಸುಟ್ಟ ಬೂದಿಗೆ ಅರಬರು ಕೊಟ್ಟ ಹೆಸರು ಅದು. ಸಿರಿಯಾದ ಅಲೆಪ್ಪೊ ಮತ್ತು ಫೆಲೆಸ್ತೀನಿನ ನಾಬ್ಲುಸ್ ನಗರಗಳು ಆಲಿವ್ ಎಣ್ಣೆಯ ಸಾಬೂನಿಗೆ ಶತಮಾನಗಳಿಂದ ಹೆಸರಾದವು. ಈ ಎರಡೂ ಊರಿನ ಸಾಬೂನು ಕಲೆಯನ್ನು 2024ರ ಡಿಸೆಂಬರಿನಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಯುದ್ಧದ ಹೊಗೆಯ ನಡುವೆಯೂ ಶುಚಿತ್ವದ ಒಂದು ಕಲೆ ಉಳಿದುಕೊಂಡಿರುವುದು ಸಣ್ಣ ಮಾತಲ್ಲ.

ಕಾರ್ಖಾನೆಯ ಸೋಪು ಭಾರತಕ್ಕೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 19ನೆಯ ಶತಮಾನದ ಕೊನೆಯಲ್ಲಿ. 1888ರಲ್ಲಿ ಕಲ್ಕತ್ತಾದ ಬಂದರಿನಲ್ಲಿ ಲೀವರ್ ಬ್ರದರ್ಸ್‌ನ ಸನ್‌ಲೈಟ್ ಸೋಪು ಇಳಿಯಿತು. 1895ರಲ್ಲಿ ಲೈಫ್‌ಬಾಯ್ ಬಂತು. ಆಗ ಹಲವರಿಗೆ ಅನುಮಾನ: ಇದರಲ್ಲಿ ಯಾವ ಪ್ರಾಣಿಯ ಕೊಬ್ಬಿದೆ? ಹಿಂದೂಗಳಿಗೂ ಮುಸ್ಲಿಮರಿಗೂ ಒಂದೇ ಬಗೆಯ ಅಳುಕು. ಗೋದ್ರೆಜ್ ಕಂಪೆನಿ 1920ರ ಸುಮಾರಿಗೆ ಸಸ್ಯಜನ್ಯ ಎಣ್ಣೆಯ ಸೋಪನ್ನು ಮಾರುಕಟ್ಟೆಗೆ ತಂದಾಗ ಆ ಅಳುಕಿಗೆ ಒಂದು ಉತ್ತರ ಸಿಕ್ಕಿತು.

ಕನ್ನಡಿಗರ ಸ್ವಂತ ಸೋಪಿನ ಕಥೆ ಮೊದಲ ಮಹಾಯುದ್ಧದೊಂದಿಗೆ ಹೆಣೆದುಕೊಂಡಿದೆ. ಯುದ್ಧದಿಂದಾಗಿ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತು ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಸಲು ಮುಂದಾದರು. ಅದರಿಂದ ಸೋಪು ಮಾಡುವ ವಿದ್ಯೆ ಕಲಿಯಲು ರಸಾಯನಶಾಸ್ತ್ರಜ್ಞ ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಲಾಯಿತು. 1918ರಲ್ಲಿ ಮೈಸೂರ್ ಸ್ಯಾಂಡಲ್ ಸೋಪು ಹೊರಬಂತು. ಶಾಸ್ತ್ರಿಯವರು ‘ಸೋಪ್ ಶಾಸ್ತ್ರಿ’ ಎಂದೇ ಪ್ರಸಿದ್ಧರಾದರು. ಆ ಹೊತ್ತಿಗೆ ನಮ್ಮ ಊರುಗಳು ಮೈಸೂರಿನವಲ್ಲ. ಕಲ್ಯಾಣಿ ಎಂಬ ಹೆಸರಿನ ಬಸವಕಲ್ಯಾಣ ನವಾಬರ ಜಹಗೀರಾಗಿತ್ತು, ಹುಮನಾಬಾದೂ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗೇ ಇತ್ತು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೇ ಮೈಸೂರಿನ ಗಂಧದ ಸೋಪು ನಮ್ಮದೇ ರಾಜ್ಯದ ಸೋಪಾಯಿತು.

ಬಿಲ್ಲೆ ಸೋಪು ಜನರಿಗೆ ಒಳ್ಳೆಯದನ್ನೇ ಮಾಡಿತು. ಅಗ್ಗ, ಸಾಗಿಸಲು ಸುಲಭ, ಕೆಡುವುದಿಲ್ಲ. ಆದರೆ ಅದರೊಂದಿಗೆ ಒಂದು ಅಭ್ಯಾಸ ಸದ್ದಿಲ್ಲದೆ ಮರೆಯಾಯಿತು. ಬಿಲ್ಲೆಗೆ ಪಾತ್ರೆ ಬೇಕಿಲ್ಲ. ಕಾಗದ ಹರಿದು ಎಸೆದರಾಯಿತು. ತೊಳೆಯುವ ದ್ರವವನ್ನು ತುಂಬಿಡುವ ಪಾತ್ರೆಯನ್ನು ಕಾಪಾಡಿಕೊಳ್ಳುವ ಜಾಣ್ಮೆ ಬಚ್ಚಲಿನಿಂದ ಹೊರಟುಹೋಯಿತು.

ಕಲಾಯಿಗಾರ ಕಲಿಸಿದ್ದು

ಆ ಜಾಣ್ಮೆ ಅಡುಗೆಮನೆಯಲ್ಲಿ ಇನ್ನೂ ಕೆಲವು ಕಾಲ ಉಳಿದಿತ್ತು. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಲೋಹ ಕರಗಿ ವಿಷವಾಗುತ್ತದೆ. ಅದಕ್ಕೆಂದು ಒಳಮೈಗೆ ತವರದ ತೆಳು ಪದರ ಬಳಿಸಬೇಕು. ಅದೇ ಕಲಾಯಿ. ಈ ಹೆಸರೂ ತವರಕ್ಕಿರುವ ಅರಬಿ ಪದದಿಂದ ಬಂದದ್ದು. ಕಲಾಯಿ ಮಾಡುವವರಲ್ಲಿ ಮುಸ್ಲಿಮ್ ಕುಟುಂಬಗಳು ಬಹಳ. ಗಲ್ಲಿಯ ಮೂಲೆಯಲ್ಲಿ ನೆಲ ಅಗೆದು ಕುಲುಮೆ ಹೂಡಿ, ತಿದಿಯೊತ್ತಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಹಾಕಿ ಹತ್ತಿಯಿಂದ ಉಜ್ಜಿದರೆ ಬಿಳಿ ಹೊಗೆ ಏಳುತ್ತಿತ್ತು. ತವರದ ಕಡ್ಡಿ ತಾಗಿಸಿ ಒಂದು ಸುತ್ತು ಒರೆಸಿದರೆ ಕಪ್ಪು ಪಾತ್ರೆ ಬೆಳ್ಳಿಯಂತಾಗುತ್ತಿತ್ತು. ಲಿಂಗಾಯತರ ಮನೆಯ ಹಂಡೆ, ಮುಸ್ಲಿಮರ ಮನೆಯ ದೇಗಚಿ, ಮರಾಠರ ಮನೆಯ ಪಾತೇಲಿ ಒಂದೇ ಕುಲುಮೆಯ ಮುಂದೆ ಸಾಲಾಗಿ ಕೂರುತ್ತಿದ್ದವು.

ಆದರೆ ಗಮನಿಸಬೇಕಾದದ್ದು ಇದು: ಕಲಾಯಿಗಾರ ಕೊಳೆಯ ಮೇಲೆ ತವರ ಬಳಿಯುತ್ತಿರಲಿಲ್ಲ. ಮೊದಲು ಪಾತ್ರೆ ಖಾಲಿಯಾಗಬೇಕು. ಮರಳಿನಿಂದ ಉಜ್ಜಿ ಹಳೆಯ ಪದರ, ಜಿಡ್ಡು, ಕಿಲುಬು ಎಲ್ಲ ಹೋಗಬೇಕು. ಒಣಗಬೇಕು. ಆಮೇಲೆ ಬೆಂಕಿ, ಆಮೇಲೆ ತವರ. ಈ ಕ್ರಮ ತಪ್ಪಿದರೆ ಕಲಾಯಿ ನಿಲ್ಲುವುದಿಲ್ಲ. ಮನೆಯ ಹೆಂಗಸರಿಗೂ ಇದೇ ನಿಯಮ. ಹಳೆಯ ನೀರಿನ ಮೇಲೆ ಹೊಸ ನೀರು ಹೊಯ್ಯುವುದು ಎಂದರೆ ಸೋಮಾರಿತನ. ಕೊಡ ಬರಿದು ಮಾಡಿ, ಹುಣಸೆ ಹಾಕಿ ತಿಕ್ಕಿ, ಬೋರಲು ಹಾಕಿ ಒಣಗಿಸಿ ತುಂಬಬೇಕು.

ಸ್ಟೀಲು, ಅಲ್ಯೂಮಿನಿಯಂ ಬಂದ ಮೇಲೆ ಕಲಾಯಿಗಾರ ಬೀದಿಯಿಂದ ಮರೆಯಾದ. ಅವನ ಜೊತೆ ಈ ಕ್ರಮವೂ ಮಸುಕಾಯಿತು.

ನೊರೆ ತೆಗೆಯುವ ಬಾಟಲಿ

ಪಾತ್ರೆ ಮತ್ತೆ ಬಚ್ಚಲಿಗೆ ಮರಳಿದ್ದು ಪ್ಲಾಸ್ಟಿಕ್ಕಿನ ರೂಪದಲ್ಲಿ. ದ್ರವ ಸೋಪಿಗೆ ನ್ಯೂಯಾರ್ಕಿನ ವಿಲಿಯಂ ಶೆಪರ್ಡ್ ಎಂಬಾತ 1865ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಅದು ಮನೆಮನೆಯ ವಸ್ತುವಾದದ್ದು 1980ರಲ್ಲಿ, ಅಮೆರಿಕದ ಮಿನೆಟೊಂಕ ಎಂಬ ಕಂಪೆನಿ ಪಂಪಿನ ಬಾಟಲಿಯಲ್ಲಿ ಸೋಪು ಮಾರಲು ತೊಡಗಿದಾಗ. ಬೆರಳಿನಿಂದ ಒತ್ತಿದರೆ ನೊರೆಯನ್ನೇ ಕೊಡುವ ಪಂಪನ್ನು 1990ರ ದಶಕದಲ್ಲಿ ನೆದರ್‌ಲ್ಯಾಂಡ್ಸಿನ ಏರ್‌ಸ್ಪ್ರೇ ಕಂಪೆನಿ ಜನಪ್ರಿಯಗೊಳಿಸಿತು.

ಅದರ ಒಳಗಿನ ಕೆಲಸ ಬಹಳ ಸರಳ. ಪಂಪಿನಲ್ಲಿ ಎರಡು ಕೋಣೆಗಳು. ಒಂದು ಸಣ್ಣದು, ದ್ರವಕ್ಕೆ. ಇನ್ನೊಂದು ದೊಡ್ಡದು, ಗಾಳಿಗೆ. ತಲೆ ಒತ್ತಿದಾಗ ಎರಡೂ ಒಟ್ಟಿಗೆ ಅದುಮಿಕೊಂಡು ಒಂದು ಕಡೆ ಸೇರುತ್ತವೆ, ಸಣ್ಣ ಕಣ್ಣಿನ ಜಾಲರಿಯ ಮೂಲಕ ನುಗ್ಗಿ ನೊರೆಯಾಗಿ ಹೊರಬೀಳುತ್ತವೆ. ಸೇವಿಂಗ್ ಫೋಮಿನ ಡಬ್ಬಿಯಲ್ಲಿರುವಂತೆ ಒತ್ತಡದ ಅನಿಲ ಇಲ್ಲಿ ಬೇಕಿಲ್ಲ. ನಾವು ಅಂಗೈಯಲ್ಲಿ ಉಜ್ಜಿ ಮಾಡುವ ಕೆಲಸವನ್ನು ಜಾಲರಿ ಮಾಡಿಕೊಡುತ್ತದೆ, ಅಷ್ಟೇ.

ಜಾಲರಿ ಸಣ್ಣದಾದ್ದರಿಂದ ದ್ರವ ತೆಳ್ಳಗಿರಬೇಕು. ಸಾಮಾನ್ಯ ಹ್ಯಾಂಡ್‌ವಾಶ್ ನೇರವಾಗಿ ಸುರಿದರೆ ಪಂಪು ಕಟ್ಟಿಕೊಳ್ಳುತ್ತದೆ. ಒಂದು ಪಾಲು ಹ್ಯಾಂಡ್‌ವಾಶಿಗೆ ಮೂರು ನಾಲ್ಕು ಪಾಲು ನೀರು ಬೆರೆಸಿದರೆ ಸರಿಹೋಗುತ್ತದೆ. ಆದ್ದರಿಂದಲೇ ಸೋಪಿನ ಖರ್ಚು ಕಡಿಮೆ. 2018ರಲ್ಲಿ ಗೋದ್ರೆಜ್ ಕಂಪೆನಿ ಪುಡಿಯ ಪೊಟ್ಟಣ ತಂದು, ಮನೆಯಲ್ಲೇ ನೀರು ಬೆರೆಸಿ ಹ್ಯಾಂಡ್‌ವಾಶ್ ಮಾಡಿಕೊಳ್ಳಿ ಎಂದಿತು. ನೀರನ್ನು ಲಾರಿಯಲ್ಲಿ ಊರಿಂದೂರಿಗೆ ಹೊರುವುದೇಕೆ ಎಂಬ ಸರಳ ವಿವೇಕ ಅದರ ಹಿಂದಿದೆ. ಬಡವರು ಇದನ್ನು ಇನ್ನೂ ಅಗ್ಗವಾಗಿ ಸಾಧಿಸಿದ್ದಾರೆ. ಬಟ್ಟೆ ಸೋಪಿನ ಪುಡಿಯನ್ನು ನೀರಿನ ಬಾಟಲಿಯಲ್ಲಿ ಕಲಸಿ, ಮುಚ್ಚಳಕ್ಕೆ ತೂತು ಹಾಕಿ ಕೈ ತೊಳೆಯಲು ಇಡುವ ಪದ್ಧತಿಯನ್ನು ಬಾಂಗ್ಲಾದೇಶದ ಆರೋಗ್ಯ ಸಂಶೋಧಕರು ಪರೀಕ್ಷಿಸಿ, ಬಡ ವಸತಿಗಳಿಗೆ ಒಗ್ಗುವಂಥದ್ದು ಎಂದು ಕಂಡುಕೊಂಡಿದ್ದಾರೆ.

ನಮ್ಮ ಊರುಗಳಿಗೆ ಇದು ಹೊಂದುತ್ತದೆಯೇ? ಕೊಳವೆಬಾವಿಯ ಗಡಸು ನೀರಿನಲ್ಲಿ ಬಿಲ್ಲೆ ಸೋಪು ಸರಿಯಾಗಿ ನೊರೆ ಬಿಡದು. ನೀರಿನ ಸುಣ್ಣದ ಅಂಶ ಸೋಪಿನೊಡನೆ ಸೇರಿ ಬಿಳಿ ಕರೆಯಾಗುತ್ತದೆ. ಹ್ಯಾಂಡ್‌ವಾಶ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಕೃತಕ ಮಾರ್ಜಕಗಳಿಗೆ ಈ ತೊಂದರೆ ಕಡಿಮೆ. ಇದು ಬಾಟಲಿಯ ಪರವಾದ ಮಾತು. ಆದರೆ ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಗಳ ಬಾಡಿ ಕಟ್ಟುವ, ಎಂಜಿನ್ ಬಿಚ್ಚುವ ಕೈಗಳಿಗೆ ಈ ತೆಳು ನೊರೆ ಸಾಲದು. ಗ್ರೀಸಿನ ಕೈಗೆ ಗಟ್ಟಿ ಸೋಪು, ಉಜ್ಜಾಟ, ಸ್ವಲ್ಪ ತಾಳ್ಮೆ ಬೇಕೇ ಬೇಕು. ನೊರೆ ಹೆಚ್ಚು ಬಂದ ಮಾತ್ರಕ್ಕೆ ಕೈ ಹೆಚ್ಚು ಸ್ವಚ್ಛವಾಯಿತು ಎಂದೂ ಅಲ್ಲ. ಇಪ್ಪತ್ತು ಸೆಕೆಂಡು ಬೆರಳ ಸಂದಿ, ಉಗುರು, ಹಿಂಗೈ ಉಜ್ಜಿದರೆ ಮಾತ್ರ ಫಲ. ನೀರು ಉಳಿಯುತ್ತದೆ ಎಂಬುದೂ ಉಜ್ಜುವಾಗ ನಲ್ಲಿ ನಿಲ್ಲಿಸಿದವರಿಗೆ ಮಾತ್ರ ನಿಜ.

ತುಂಬುವುದರಲ್ಲಿದೆ ಅಪಾಯ

ಈಗ ಮುಖ್ಯ ವಿಷಯಕ್ಕೆ ಬರೋಣ. ಮರುಭರ್ತಿ ಬಾಟಲಿಯ ಹೆಗ್ಗಳಿಕೆ ಇರುವುದು ತುಂಬುವುದರಲ್ಲಿ. ಅದರ ಅಪಾಯ ಇರುವುದೂ ಅಲ್ಲಿಯೇ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2002ರಲ್ಲಿ ಆಸ್ಪತ್ರೆಗಳಿಗಾಗಿ ಹೊರಡಿಸಿದ ಕೈ ಶುಚಿತ್ವದ ಮಾರ್ಗಸೂಚಿಯಲ್ಲಿ ಒಂದು ಸ್ಪಷ್ಟ ಮಾತಿದೆ: ಅರ್ಧ ಖಾಲಿಯಾದ ಸೋಪಿನ ಡಬ್ಬಿಗೆ ಮೇಲಿಂದ ಮೇಲೆ ಸೋಪು ಸುರಿಯಬೇಡಿ. ಕಾರಣವಿಷ್ಟೆ. ತಳದಲ್ಲಿ ಉಳಿದ ಹಳೆಯ ದ್ರವದಲ್ಲಿ ಸೂಕ್ಷ್ಮಜೀವಿಗಳು ಬೀಡುಬಿಟ್ಟರೆ ಅವು ಹೋಗುವುದೇ ಇಲ್ಲ, ಪ್ರತಿ ಸಲ ಹೊಸ ಸೋಪಿನ ಜೊತೆ ಅವಕ್ಕೂ ಹೊಸ ಬದುಕು. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಂಶೋಧನೆಗಳು ಇದನ್ನು ಬಯಲಿಗೆಳೆದವು. ಸಾರ್ವಜನಿಕ ಶೌಚಾಲಯಗಳಲ್ಲಿ ಪರೀಕ್ಷಿಸಿದ ಮರುಭರ್ತಿ ಡಬ್ಬಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದರೊಳಗೆ ಮಿತಿಮೀರಿದ ಬ್ಯಾಕ್ಟೀರಿಯಾ ಇದ್ದವು. ಇನ್ನೊಂದು ಅಧ್ಯಯನದಲ್ಲಿ, ಕೆಟ್ಟ ಸೋಪಿದ್ದ ಶಾಲೆಯೊಂದರ ಮಕ್ಕಳು ಕೈ ತೊಳೆದುಕೊಂಡ ನಂತರ ಅವರ ಕೈಗಳ ಮೇಲೆ ಕೆಲವು ಬಗೆಯ ಬ್ಯಾಕ್ಟೀರಿಯಾ ತೊಳೆಯುವ ಮೊದಲಿಗಿಂತ ಹೆಚ್ಚಾಗಿದ್ದವು. ತೊಳೆದ ಕೈ ತೊಳೆಯದ ಕೈಗಿಂತ ಕೊಳಕು! ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಕೇ?

ನೊರೆಯ ಬಾಟಲಿಯಲ್ಲಿ ಈ ಭಯ ಇನ್ನಷ್ಟು. ನಾವು ನೀರು ಬೆರೆಸಿದಾಗ ಸೋಪಿನ ಜೊತೆ, ಅದನ್ನು ಕೆಡದಂತೆ ಕಾಯುವ ರಾಸಾಯನಿಕವೂ ತೆಳುವಾಗುತ್ತದೆ. ಬೆರೆಸಿದ ನೀರು ಟ್ಯಾಂಕಿನದಾದರೆ ಅದರೊಳಗಿನ ಜೀವಿಗಳನ್ನೂ ನಾವೇ ಆಮಂತ್ರಿಸಿದಂತೆ. ಆಗ ಅದು ರೀಠಾ ನೆನೆಹಾಕಿದ ನೀರಿನ ಸ್ಥಿತಿಗೇ ಹತ್ತಿರವಾಗುತ್ತದೆ. ಒಂದು ವ್ಯತ್ಯಾಸವಿದೆ. ರೀಠಾದ ನೀರು ಕೆಟ್ಟರೆ ವಾಸನೆ ಎಚ್ಚರಿಸುತ್ತಿತ್ತು. ಇಲ್ಲಿ ಕೃತಕ ಗುಲಾಬಿಯ, ನಿಂಬೆಯ ಪರಿಮಳ ಆ ಎಚ್ಚರಿಕೆಯ ಬಾಯಿ ಮುಚ್ಚಿಸುತ್ತದೆ.

ಹಾಗಾದರೆ ಇದನ್ನು ಬಿಟ್ಟುಬಿಡಬೇಕೇ? ಬೇಕಿಲ್ಲ. ಪಂಪಿನೊಳಗೆ ಹಲವು ಬಗೆಯ ಪ್ಲಾಸ್ಟಿಕ್, ಸ್ಪ್ರಿಂಗು, ಗೋಲಿ ಎಲ್ಲ ಸೇರಿರುವುದರಿಂದ ಅದನ್ನು ಗುಜರಿಯವನು ಬೇರ್ಪಡಿಸುವುದು ಕಷ್ಟ. ಸೋಪು ಬರುವ ಪೌಚು ಕೂಡ ಪದರ ಪದರದ್ದು, ಅದರ ಮರುಬಳಕೆಯೂ ಸುಲಭವಲ್ಲ. ಹೀಗಿರುವಾಗ ಒಂದು ಬಾಟಲಿಯನ್ನು ಹತ್ತಾರು ಸಲ ಬಳಸುವುದೇ ಜಾಣತನ. ಆದರೆ ಕಲಾಯಿಗಾರನ ಕ್ರಮದಲ್ಲಿ ಬಳಸಬೇಕು. ಬಾಟಲಿ ಪೂರ್ತಿ ಖಾಲಿಯಾಗಲಿ. ಬಿಸಿನೀರಿನಿಂದ ಬಾಟಲಿಯನ್ನೂ ಪಂಪನ್ನೂ ತೊಳೆಯಿರಿ, ನಾಲ್ಕಾರು ಸಲ ಒತ್ತಿ ಒಳಗಿನದೆಲ್ಲ ಹೊರಹಾಕಿ. ಬೋರಲು ಹಾಕಿ ಪೂರ್ತಿ ಒಣಗಿಸಿ. ಕುದಿಸಿ ಆರಿಸಿದ ನೀರನ್ನೇ ಬೆರೆಸಿ. ಎರಡು ವಾರದಲ್ಲಿ ಮುಗಿಯುವಷ್ಟೇ ಮಾಡಿ. ಎರಡು ಬಾಟಲಿಗಳಿದ್ದರೆ ಒಂದು ಒಣಗುವಾಗ ಇನ್ನೊಂದು ನಡೆಯುತ್ತದೆ.

ಹೊಣೆ ಯಾರದು?

ಮನೆಯಲ್ಲಿ ಇದು ಕಷ್ಟವಲ್ಲ. ಪ್ರಶ್ನೆ ಏಳುವುದು ಎಲ್ಲರಿಗೂ ಸೇರಿದ ಜಾಗಗಳಲ್ಲಿ. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಹುಮನಾಬಾದಿನಲ್ಲಿ ದಿನವೂ ಸಾವಿರಾರು ಪ್ರಯಾಣಿಕರು ಇಳಿದು ಕೈ ತೊಳೆದು ಊಟಕ್ಕೆ ಕೂರುತ್ತಾರೆ. ಮಾಣಿಕನಗರಕ್ಕೆ, ವೀರಭದ್ರೇಶ್ವರ ಜಾತ್ರೆಗೆ, ಬಸವಕಲ್ಯಾಣದ ಶರಣ ಸ್ಥಳಗಳಿಗೆ, ದರ್ಗಾಗಳಿಗೆ ಜನ ಬರುತ್ತಾರೆ. ಅಲ್ಲಿನ ಗೋಡೆಯ ಡಬ್ಬಿಯನ್ನು ಕೊನೆಯ ಬಾರಿ ತೊಳೆದದ್ದು ಯಾವಾಗ ಎಂದು ಕೇಳಿದರೆ ಉತ್ತರಿಸುವವರು ಯಾರು?

1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಡಾಕ್ಟರ್ ಸೆಮ್ಮೆಲ್‌ವೈಸ್ ಹೆರಿಗೆ ವಾರ್ಡಿಗೆ ಬರುವ ವೈದ್ಯರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಮಾಡಿದಾಗ ಬಾಣಂತಿಯರ ಸಾವು ಗಣನೀಯವಾಗಿ ಇಳಿಯಿತು. ಆದರೂ ಹಲವು ವೈದ್ಯರು ಅವನನ್ನು ಒಪ್ಪಲಿಲ್ಲ. ತಮ್ಮ ಕೈ ಕೊಳಕು ಎಂದು ಒಪ್ಪಿಕೊಳ್ಳುವುದು ಅವರಿಗೆ ಅವಮಾನವಾಗಿ ಕಂಡಿತು. 2020ರಲ್ಲಿ ಕೊರೊನಾ ಬಂದಾಗ ಜಗತ್ತೇ ಆ ಪಾಠವನ್ನು ಮತ್ತೆ ಓದಿತು. ಲಾಕ್‌ಡೌನಿನ ನಂತರ ಮಸೀದಿಗಳು ತೆರೆದಾಗ ವುಜೂ ಮನೆಯಲ್ಲೇ ಮಾಡಿಕೊಂಡು ಬನ್ನಿ ಎಂದರು. ದೇವಸ್ಥಾನ, ಅಂಗಡಿ, ಕಚೇರಿಗಳ ಬಾಗಿಲಲ್ಲಿ ಪಂಪಿನ ಬಾಟಲಿಗಳು ಪ್ರತ್ಯಕ್ಷವಾದವು. ರೋಗ ಹಿಂದೆ ಸರಿಯಿತು, ಬಾಟಲಿಗಳು ಉಳಿದವು. ಅನೇಕ ಕಡೆ ಅವನ್ನು ನೋಡಿಕೊಳ್ಳುವ ಮನುಷ್ಯ ಮಾತ್ರ ಉಳಿಯಲಿಲ್ಲ.

ಆಫ್ತಾಬಾದ ಕಾಲದಲ್ಲಿ ನೀರು ಸುರಿಯಲು ಒಬ್ಬ ಹುಡುಗ ಬೇಕಾಗಿತ್ತು. ಶ್ರೀಮಂತರ ಮನೆಯಲ್ಲಿ ಅವನು ಆಳು. ಪಂಪು ಆ ಆಳುತನವನ್ನು ತೆಗೆದುಹಾಕಿತು. ಲಾರಿ ಕ್ಲೀನರನ ಅಂಗೈಗೂ ತಹಸೀಲ್ದಾರರ ಅಂಗೈಗೂ ಒಂದೇ ಅಳತೆಯ ನೊರೆ. ಇದು ಒಳ್ಳೆಯದೇ. ಆದರೆ ಪಾತ್ರೆ ಶುಚಿಯಾಗಿದೆಯೇ ಎಂದು ನೋಡುವ ಕಣ್ಣೂ ಅವನ ಜೊತೆಗೇ ಹೊರಟುಹೋಯಿತು. ಯಂತ್ರ ತಾನೇ ನೊರೆ ಕೊಡುತ್ತದೆ, ತಾನೇ ತೊಳೆದುಕೊಳ್ಳುವುದಿಲ್ಲ. ಆ ಕೆಲಸ ಬಹುತೇಕ ಕಡೆ ಕಡಿಮೆ ಸಂಬಳದ, ಹೆಸರು ಯಾರಿಗೂ ಗೊತ್ತಿಲ್ಲದ ಕಸಗುಡಿಸುವ ಹೆಂಗಸಿನ ಪಾಲಿಗೆ ಬಿದ್ದಿದೆ. ಅವಳಿಗೆ ‘ಡಬ್ಬಿ ಖಾಲಿ ಕಾಣಬಾರದು, ಸುರಿಯುತ್ತಿರು’ ಎಂದಷ್ಟೇ ಹೇಳಲಾಗುತ್ತದೆ. ತೊಳೆದು ಒಣಗಿಸಲು ಅವಳಿಗೆ ಸಮಯವನ್ನೂ ಇನ್ನೊಂದು ಡಬ್ಬಿಯನ್ನೂ ಯಾರೂ ಕೊಡುವುದಿಲ್ಲ. ಆಮೇಲೆ ರೋಗ ಹರಡಿದರೆ ದೂರುವುದು ಅವಳನ್ನೇ.

ಕಾಯಕದ ಊರಿನಲ್ಲಿ ಹೀಗಾಗಬಾರದು. ಮಡಿವಾಳ ಮಾಚಿದೇವರ ಜಯಂತಿಯನ್ನು ನಾವು ಆಚರಿಸುತ್ತೇವೆ. ಒಳ್ಳೆಯದು. ಅದರ ಜೊತೆ ಮದುವೆ ಹಾಲಿನ ಮಾಲೀಕರು, ಮಸೀದಿ ಕಮಿಟಿಯವರು, ದೇವಸ್ಥಾನದ ಟ್ರಸ್ಟಿನವರು, ಶಾಲೆಯ ಮುಖ್ಯೋಪಾಧ್ಯಾಯರು ಒಂದು ಸಣ್ಣ ಕೆಲಸ ಮಾಡಬಹುದು. ಪ್ರತಿ ಗೋಡೆಯ ಡಬ್ಬಿಗೆ ಜೋಡಿ ಡಬ್ಬಿಯೊಂದನ್ನು ಕೊಂಡಿಡುವುದು, ತೊಳೆದ ತಾರೀಖನ್ನು ಅದರ ಮೇಲೆ ಬರೆಯುವುದು, ತೊಳೆಯುವ ಹೆಂಗಸಿಗೆ ಆ ಹೊತ್ತಿನ ಕೂಲಿ ಸೇರಿಸಿ ಕೊಡುವುದು. ಒಂದು ಡಬ್ಬಿಯ ಬೆಲೆ ಒಂದು ದಾವತ್ತಿನಲ್ಲಿ ಎಲೆಯ ಮೇಲೆ ಬಿಟ್ಟೇಳುವ ಅನ್ನದ ಬೆಲೆಗಿಂತ ಹೆಚ್ಚಾಗಲಾರದು.